ಕಳಲೆಯ ಹಾಲು, ಯಶೋಧರೆಯ ಗೆರೆ

ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ನಂಜನಗೂಡಿನ ಸ್ಟೇಷನ್ನಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಹಿಡಿದು ಕೇಳುವುದು ಒಂದೇ ಪ್ರಶ್ನೆ, ಅಲ್ಲಿ ಏನು ಕೆಲಸ ಇರುತ್ತೆ ಅಂತ. ಪಾತ್ರೆ ತೊಳೆಯೋದು ಅನ್ನುತ್ತೇನೆ. ನಗುತ್ತಾರೆ. ಒಂದು ವರ್ಷ ಬಿಟ್ಟು ಮತ್ತೆ ಸಿಕ್ಕಾಗ ನಗುವುದಿಲ್ಲ.

ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಮೆದುಳಿನ ನರಕೋಶಗಳ ಮೇಲೆ ಕೆಲಸ ಮಾಡುವ ಪ್ರಯೋಗಾಲಯದಲ್ಲಿ, ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ನಾನು. ಹೆಸರು ಮಹದೇವು, ಊರು ಕಳಲೆ. ನನಗೆ ಯಾವಾಗ ಬಡ್ತಿ ಬಂತು, ಯಾರ ಕೈಯಿಂದ ಶಾಲು ಹೊದೆಸಿಕೊಂಡೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವು ನನಗೇ ಸರಿಯಾಗಿ ನೆನಪಿಲ್ಲ, ಹೆಂಡತಿಯನ್ನು ಕೇಳಬೇಕು. ಮಾಡಿದ ಎಡವಟ್ಟುಗಳು ಮಾತ್ರ ನಿನ್ನೆ ಮೊನ್ನೆಯವೇನೋ ಅನ್ನುವಷ್ಟು ನೆನಪಿವೆ. ಹೊಸಬರಿಗೆ ಉಪಯೋಗಕ್ಕೆ ಬರುವುದೂ ಅವೇ.

ಸೇರಿದ ಮೊದಲ ತಿಂಗಳು ನನ್ನ ಮೇಲಿದ್ದವರು ಹಿರಿಯ ಟೆಕ್ನಿಷಿಯನ್ ನಾಗರಾಜಯ್ಯನವರು. ಅವರು ತೊಳೆದ ಬೀಕರನ್ನು ಬೆಳಕಿಗೆ ಹಿಡಿದು ನೋಡುತ್ತಿರಲಿಲ್ಲ, ಮೂಗಿಗೆ ಹಿಡಿಯುತ್ತಿದ್ದರು. ನಾನು ಮನೆಯಲ್ಲಿ ಹಾಲಿನ ಕ್ಯಾನು ತೊಳೆದು ಬೆಳೆದವನು, ಹೊಳೆಯುವ ಹಾಗೆ ಉಜ್ಜಿ ಕೊಟ್ಟೆ. ಅವರು ಮೂಸಿ, ಎಷ್ಟು ಸಲ ಬರೀ ನೀರಲ್ಲಿ ಜಾಲಿಸಿದೆ ಅಂತ ಕೇಳಿದರು. ಎರಡು ಸಲ ಅಂದೆ. ಹತ್ತು ಸಲ ಜಾಲಿಸು, ಸೋಪು ಉಳಿದರೆ ನರಕೋಶ ಸಾಯುತ್ತೆ, ಸತ್ತಿದ್ದು ಸೋಪಿನಿಂದ ಅಂತ ಯಾರಿಗೂ ಗೊತ್ತಾಗಲ್ಲ, ಪಾಪ ಓದುವ ಹುಡುಗರು ತಮ್ಮದೇ ತಪ್ಪು ಅಂದುಕೊಂಡು ಅಳುತ್ತಾರೆ ಅಂದರು. ನಾನು ತಲೆಯಾಡಿಸಿದೆ. ಆ ಮಾತಿನ ಮೊದಲ ಅರ್ಧ ಮಾತ್ರ ನನ್ನ ತಲೆಗೆ ಹೋಯಿತು.

ಆಗೆಲ್ಲ ಪ್ರೋಟೀನಿನ ಗೆರೆಗಳನ್ನು ಎಕ್ಸ್-ರೇ ಫಿಲ್ಮಿನ ಮೇಲೆ ಮೂಡಿಸುತ್ತಿದ್ದೆವು. ಕೆಂಪು ದೀಪದ ಕತ್ತಲೆ ಕೋಣೆ, ಎರಡು ಟ್ರೇ ದ್ರಾವಣ, ಬೆರಳ ತುದಿಯಲ್ಲಿ ಹಿಡಿದ ಫಿಲ್ಮು. ಒಂದು ಸಲ ಗೆರೆ ಮೂಡುವುದನ್ನು ನೋಡುವ ಆತುರಕ್ಕೆ ಬಾಗಿಲು ತೆರೆದು ಹೊರಗೇ ತಂದೆ. ಕಣ್ಣೆದುರೇ ಇಡೀ ಫಿಲ್ಮು ಹಂಚಿನ ತಳದಷ್ಟು ಕಪ್ಪಾಯಿತು. ನಾಗರಾಜಯ್ಯನವರು ಬೈಯಲಿಲ್ಲ. ಆ ಕಪ್ಪು ಫಿಲ್ಮನ್ನು ನನ್ನ ಟೇಬಲ್ಲಿನ ಮೇಲೆ ಅಂಟಿಸಿ, ಕೆಳಗೆ ‘ಮಹದೇವು ಅವರ ಮೊದಲ ಸಂಶೋಧನೆ’ ಅಂತ ಬರೆದಿಟ್ಟರು. ಎರಡು ವರ್ಷ ಅದು ಅಲ್ಲೇ ಇತ್ತು. ಈಗ ಕತ್ತಲೆ ಕೋಣೆಯೂ ಇಲ್ಲ, ಫಿಲ್ಮೂ ಇಲ್ಲ. ಪ್ರೋಟೀನು ಇಳಿಸಿದ ಬಿಳಿ ಪೊರೆಯನ್ನು ಕ್ಯಾಮೆರಾ ಇರುವ ಪೆಟ್ಟಿಗೆಯೊಳಗೆ ಇಟ್ಟು ಬಟನ್ ಒತ್ತಿದರೆ ಗೆರೆಗಳು ಕಂಪ್ಯೂಟರಿನಲ್ಲಿ ಮೂಡುತ್ತವೆ. ಎಡವಟ್ಟು ಮಾಡಲು ಅವಕಾಶವೇ ಕಡಿಮೆ ಅಂತ ಮೊದಮೊದಲು ನನಗೆ ಬೇಜಾರೂ ಆಗಿತ್ತು.

ಈ ಗೆರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಮಾನ ಮರ್ಯಾದೆ ಎಲ್ಲ ಹೋದದ್ದು ಇದರಲ್ಲೇ. ನರಕೋಶಗಳನ್ನು ಅರೆದು, ಅದರ ಪ್ರೋಟೀನುಗಳನ್ನು ಜೆಲ್ಲಿನ ಹಾಳೆಯಲ್ಲಿ ಕರೆಂಟು ಹಾಯಿಸಿ ಗಾತ್ರಕ್ಕೆ ತಕ್ಕಂತೆ ಬೇರೆಬೇರೆ ಮಾಡುತ್ತೇವೆ. ಆಮೇಲೆ ಅವನ್ನು ಕಾಗದದಂಥ ಒಂದು ಬಿಳಿ ಪೊರೆಗೆ ಇಳಿಸುತ್ತೇವೆ. ನಮಗೆ ಬೇಕಾದ ಒಂದೇ ಪ್ರೋಟೀನನ್ನು ಹುಡುಕಿ ಹಿಡಿಯುವ ಪ್ರತಿಕಾಯವನ್ನು ಆ ಪೊರೆಯ ಮೇಲೆ ಸುರಿದರೆ, ಪ್ರೋಟೀನು ಇದ್ದ ಕಡೆ ಗೆರೆ ಮೂಡುತ್ತದೆ. ಆದರೆ ಪ್ರತಿಕಾಯ ಕಂಡಕಂಡಲ್ಲಿ ಅಂಟಿಕೊಂಡರೆ ಪೊರೆಯೆಲ್ಲ ಕಪ್ಪು. ಅದಕ್ಕೇ ಮೊದಲು ಪೊರೆಯ ಖಾಲಿ ಜಾಗವನ್ನೆಲ್ಲ ಕೆಲಸಕ್ಕೆ ಬಾರದ ಬೇರೆ ಪ್ರೋಟೀನಿನಿಂದ ಮುಚ್ಚಬೇಕು. ಇದಕ್ಕೆ ಬ್ಲಾಕಿಂಗ್ ಅನ್ನುತ್ತೇವೆ. ಬ್ಲಾಕಿಂಗಿಗೆ ಹೆಚ್ಚಿನ ಲ್ಯಾಬುಗಳಲ್ಲಿ ಕೆನೆ ತೆಗೆದ ಹಾಲಿನ ಪುಡಿಯನ್ನು ನೀರಲ್ಲಿ ಕದಡಿ ಬಳಸುತ್ತಾರೆ.

ಪುಡಿಯಂತೆ, ಪುಡಿ! ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸು ಇದ್ದವು. ಒಂದು ದಿನ ಸ್ಟೋರಿನಲ್ಲಿ ಪುಡಿ ಮುಗಿದಿತ್ತು, ಮನೆಯ ಹಾಲನ್ನೇ ಕೆನೆ ತೆಗೆದು ತಂದು ಹಾಕಿದೆ. ಗೆರೆ ಎಷ್ಟು ಶುಭ್ರವಾಗಿ ಬಂತೆಂದರೆ ಎಲ್ಲರೂ ಬಂದು ನೋಡಿ ಹೊಗಳಿದರು. ಅಲ್ಲಿಂದ ನನಗೆ ಕೊಂಬು ಬಂತು. ವಾರಕ್ಕೆರಡು ಸಲ ಸ್ಟೀಲ್ ಡಬ್ಬಿಯಲ್ಲಿ ಕಳಲೆಯ ಹಾಲು ಮೊಪೆಡ್ಡಿನಲ್ಲಿ ನಂಜನಗೂಡಿಗೆ, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಮೈಸೂರಿಗೆ ಬರತೊಡಗಿತು. ಒಮ್ಮೆ ನಿರ್ದೇಶಕರು ಯಾರೋ ಗಣ್ಯರನ್ನು ಕರೆದುಕೊಂಡು ಬಂದವರು ಮೂಗು ಅರಳಿಸಿ, ಇದೇನು ವಾಸನೆ ಅಂದರು. ಹಿಂದಿನ ದಿನದ ಡಬ್ಬಿ ಸಿಂಕಿನ ಕೆಳಗೆ ಹುಳಿಯಾಗಿತ್ತು. ‘ಪ್ರೋಟೀನ್ ದ್ರಾವಣ ಸಾರ್’ ಅಂದೆ. ಗಣ್ಯರು ಗಂಭೀರವಾಗಿ ಬರೆದುಕೊಂಡರು.

ನಮ್ಮ ಮುಖ್ಯಸ್ಥೆ ಇಂದಿರಾ ಮೇಡಂ ಬಹಳ ಶಿಸ್ತಿನವರು, ದನಿ ಏರಿಸದವರು. ಅವರಿಗೆ ಈ ಹಾಲಿನ ಸಂಗತಿ ಅರ್ಧ ಗೊತ್ತಿತ್ತು, ನಕ್ಕು ಬಿಟ್ಟಿದ್ದರು. ನಾನು ನಿವೃತ್ತನಾಗಲು ಮೂರು ವರ್ಷ ಇದ್ದಾಗ ಅವರು ಹೊಸ ವಿಷಯ ಕೈಗೆತ್ತಿಕೊಂಡರು. ಆ ವಿಷಯಕ್ಕೆ ಪಿಎಚ್‌ಡಿ ಮಾಡಲು ಬಂದವಳು ಯಶೋಧರೆ.

ಟಿ. ನರಸೀಪುರ ತಾಲ್ಲೂಕು, ಮುಡುಕುತೊರೆ ಬೆಟ್ಟದ ಪಕ್ಕದ ಊರಿನವಳು. ಅಪ್ಪ ಗಾರೆ ಕೆಲಸದವರು. ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡು ಮಗಳಿಗೆ ಆ ಹೆಸರಿಟ್ಟವರು. ಸಣ್ಣ ಆಳು, ಚುರುಕು ಬಾಯಿ. ಬಂದ ಮೊದಲ ದಿನವೇ ನನ್ನ ಡಬ್ಬಿ ನೋಡಿ, ಊಟಕ್ಕೆ ಬರೀ ಹಾಲು ಕುಡಿಯೋದಾ ಅಂತ ಕೇಳಿದ್ದಳು. ಅವಳ ಊರಿನ ಮಾತು ನಮ್ಮ ಊರಿನ ಮಾತು ಒಂದೇ ಆದ್ದರಿಂದ ನಮಗಿಬ್ಬರಿಗೂ ಬೇಗ ಹೊಂದಿಕೆಯಾಯಿತು.

ಏನು ಸಂಶೋಧನೆ ನಿನ್ನದು ಅಂತ ನಾನು ಕೇಳಿದಾಗ ಅವಳು ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಓಡಿಸುವ ಸಂಪರ್ಕಗಳಿವೆ, ತಡೆಯುವ ಸಂಪರ್ಕಗಳೂ ಇವೆ. ‘ಬ್ರೇಕಿಲ್ದಿರೋ ಗಾಡೀಲಿ ನಮ್ಮ ಬೆಟ್ಟ ಇಳಿಯೋಕಾಯ್ತದಾ ಮಾದೇವಣ್ಣ? ಅಂಗೇ ಇದೂ’ ಅಂದಳು. ತಡೆಯುವ ಸಂಪರ್ಕ ಎಳೆಯ ನರಕೋಶದಲ್ಲಿ ಒಂದೇ ಸಲ ಹುಟ್ಟುವುದಿಲ್ಲ, ವಾರಗಟ್ಟಲೆ ಕೂಡಿಕೊಂಡು ಬರುತ್ತದೆ. ಅದರೊಳಗೆ ಜೆಫಿರಿನ್ ಅನ್ನುವ ಪ್ರೋಟೀನು ಗುಂಪುಗೂಡಿ ಕೂತು, ಸಂದೇಶ ಹಿಡಿಯುವ ರಿಸೆಪ್ಟರುಗಳು ಅತ್ತಿತ್ತ ಹೋಗದಂತೆ ಗೂಟಕ್ಕೆ ಕಟ್ಟಿದ ಹಾಗೆ ಹಿಡಿದಿಡುತ್ತದೆ. ಗುಂಪು ದೊಡ್ಡದಾದರೆ ಬ್ರೇಕು ಗಟ್ಟಿ, ಚಿಕ್ಕದಾದರೆ ಸಡಿಲ.

ಈ ಗುಂಪು ದೊಡ್ಡದಾಗಬೇಕೋ ಚಿಕ್ಕದಾಗಬೇಕೋ ಅನ್ನುವುದನ್ನು ಹೇಳುವ ಸಂಗತಿಗಳಲ್ಲಿ ಒಂದು, ಜೆಫಿರಿನ್ನಿಗೆ ಅಂಟುವ ಫಾಸ್ಫೇಟು. ನಮ್ಮ ಹಸುಗಳ ಕಿವಿಗೆ ಹಳದಿ ಬಿಲ್ಲೆ ಹೊಡೆಯುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಹಸು ಅದೇ ಹಸು, ಬಿಲ್ಲೆ ಬಿದ್ದ ಮೇಲೆ ಅದನ್ನು ನೋಡುವ ರೀತಿ ಬೇರೆ. ಕೈನೇಸ್ ಅನ್ನುವ ಕಿಣ್ವ ಬಿಲ್ಲೆ ಹಾಕುತ್ತದೆ, ಫಾಸ್ಫಟೇಸ್ ಅನ್ನುವ ಕಿಣ್ವ ಕೀಳುತ್ತದೆ. ಯಶೋಧರೆ ನೋಡುತ್ತಿದ್ದ ಜಾಗದಲ್ಲಿ ಬಿಲ್ಲೆ ಬಿದ್ದರೆ ಜೆಫಿರಿನ್ ಗುಂಪು ಸಣ್ಣದಾಗುತ್ತದೆ, ಕಿತ್ತರೆ ಬೆಳೆಯುತ್ತದೆ. ಬೇರೆ ಜಾಗದಲ್ಲಿ ಬಿದ್ದರೆ ಕಥೆ ಬೇರೆ. ಅವಳ ಪ್ರಶ್ನೆ ಇಷ್ಟೇ: ತಟ್ಟೆಯಲ್ಲಿ ಬೆಳೆಸಿದ ಎಳೆಯ ನರಕೋಶಗಳಲ್ಲಿ ಬ್ರೇಕುಗಳು ಕೂಡಿಕೊಂಡು ಬರುತ್ತ ಬರುತ್ತ ಆ ಬಿಲ್ಲೆ ಯಾವ ವಾರದಲ್ಲಿ ಎಷ್ಟಿರುತ್ತದೆ?

ಅದಕ್ಕೆ ಎರಡು ಪ್ರತಿಕಾಯ ತರಿಸಿದ್ದರು. ಒಂದು, ಬಿಲ್ಲೆ ಇರಲಿ ಇಲ್ಲದಿರಲಿ ಎಲ್ಲ ಜೆಫಿರಿನ್ನನ್ನೂ ಹಿಡಿಯುವುದು. ಇನ್ನೊಂದು, ಬಿಲ್ಲೆ ಇದ್ದದ್ದನ್ನು ಮಾತ್ರ ಹಿಡಿಯುವುದು. ಮೇಡಂ ನನ್ನನ್ನು ಕರೆದು, ಈ ಕೆಲಸಕ್ಕೆ ಬ್ಲಾಕಿಂಗಿಗೆ ಹಾಲು ಬೇಡ, ಆಲ್ಬುಮಿನ್ ಬಳಸಿ ಅಂದರು. ಆಲ್ಬುಮಿನ್ ಅಂದರೆ ಹಸುವಿನ ರಕ್ತದಿಂದ ತೆಗೆದ ಪ್ರೋಟೀನಿನ ಪುಡಿ, ತೆಳು ಹಳದಿ ಬಣ್ಣದ್ದು. ಹಾಲಿನಲ್ಲೇ ಫಾಸ್ಫೇಟ್ ಅಂಟಿದ ಪ್ರೋಟೀನು ತುಂಬ ಇದೆ, ಅದು ಗೊಂದಲ ಮಾಡುತ್ತದೆ ಅಂತ ಕಾರಣವನ್ನೂ ಹೇಳಿದರು. ನಾನು ‘ಆಯ್ತು ಮೇಡಂ’ ಅಂದೆ.

ಅಂದೆ, ಮಾಡಲಿಲ್ಲ. ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದವನಿಗೆ ಅದರ ರಕ್ತದ ಪುಡಿಯನ್ನು ಚಮಚದಲ್ಲಿ ತೂಗುವುದಕ್ಕೆ ಒಂಥರಾ ಆಗುತ್ತಿತ್ತು. ಇದು ಅರ್ಧ ಕಾರಣ. ಉಳಿದರ್ಧ ಶುದ್ಧ ಜಂಬ. ಇಷ್ಟು ವರ್ಷ ಎಲ್ಲರೂ ಹೊಗಳಿದ ನನ್ನ ಹಾಲನ್ನು ಯಾವುದೋ ಡಬ್ಬಿಯ ಪುಡಿಗೋಸ್ಕರ ಬಿಡುವುದೇ? ಬ್ಲಾಕಿಂಗ್ ದ್ರಾವಣ ಮಾಡಿಟ್ಟು ಪೊರೆ ಮುಳುಗಿಸುವುದು ನನ್ನ ಕೆಲಸವೇ ಆಗಿತ್ತು. ಬಾಟಲಿಯ ಮೇಲೆ ‘ಆಲ್ಬುಮಿನ್’ ಅಂತ ಬರೆದು ಒಳಗೆ ತೆಳು ಮಾಡಿದ ಹಾಲು ತುಂಬಿಸಿದೆ. ಎರಡಕ್ಕೂ ಬಣ್ಣ ಬೇರೆಯಲ್ಲವೇ ಅಂತ ನೀವು ಕೇಳುತ್ತೀರಿ. ಅದಕ್ಕೇ ಬಾಟಲಿಗೆ ಅಲ್ಯುಮಿನಿಯಂ ಹಾಳೆ ಸುತ್ತಿದೆ, ಪೊರೆಯ ಡಬ್ಬಿಗೂ ಮುಚ್ಚಳ ಹಾಕಿದೆ, ಯಶೋಧರೆ ಬರುವ ಹೊತ್ತಿಗೆ ಪೊರೆಯನ್ನು ತೊಳೆದು ಕೊಡುತ್ತಿದ್ದೆ. ಬೆಳಕು ಬಿದ್ದರೆ ಕೆಡುತ್ತೆ ಅಂತ ಹೇಳಿದೆ, ನಂಬಿದಳು. ಸ್ಟೋರಿನವರು ಕೇಳಬಾರದು ಅಂತ ವಾರಕ್ಕೆ ಎರಡು ಚಮಚ ಆಲ್ಬುಮಿನ್ ಪುಡಿಯನ್ನು ಸಿಂಕಿಗೆ ಸುರಿಯುತ್ತಿದ್ದೆ. ಇಷ್ಟು ಶ್ರಮ ನಾನು ನಿಜವಾದ ಕೆಲಸಕ್ಕೆ ಹಾಕಿದ್ದರೆ ಇನ್ನೊಂದು ಶಾಲು ಸಿಗುತ್ತಿತ್ತು.

ಇನ್ನೊಂದು ಕಿಲಾಡಿತನವನ್ನೂ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ನನ್ನ ಹೆಂಡತಿ ಪುಟ್ಟತಾಯಮ್ಮ ಬೆಳಿಗ್ಗೆಯ ಹಾಲನ್ನು ಉಕ್ಕುವ ತನಕ ಕಾಯಿಸಿ, ಆರಿಸಿ, ಕೆನೆ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಆದರೆ ಯಶೋಧರೆ ಬೇಗ ಕೆಲಸ ಶುರುಮಾಡುವ ದಿನ ನಾನು ಮೊದಲ ರೈಲು ಹಿಡಿಯಬೇಕಿತ್ತು, ಕಾಯಿಸಲು ಪುರುಸೊತ್ತಿರಲಿಲ್ಲ. ಆ ದಿನ ಕರೆದ ಹಾಲನ್ನು ಹಾಗೇ ತಂದು, ಲ್ಯಾಬಿನ ಗಿರಗಿರ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕಿ ಕೆನೆ ಬೇರೆ ಮಾಡುತ್ತಿದ್ದೆ. ಹತ್ತು ನಿಮಿಷಕ್ಕೆ ಕೆನೆ ಮೇಲೆ ಗಟ್ಟಿಯಾಗಿ ಕೂರುತ್ತಿತ್ತು. ಆ ಕೆನೆಯನ್ನು ನಾನು ತಿಂದೆ ಅಂತ ಲ್ಯಾಬಿನಲ್ಲಿ ಆಮೇಲೆ ಹಬ್ಬಿದ ಮಾತು ಸುಳ್ಳು.

ಓದು, ನರಕೋಶ ಬೆಳೆಸುವ ಅಭ್ಯಾಸ ಅಂತ ಅವಳ ಮೊದಲ ವರ್ಷ ಕಳೆದ ಮೇಲೆ ಪೊರೆಗಳು ಬರತೊಡಗಿದವು. ಎಲ್ಲ ಜೆಫಿರಿನ್ನನ್ನೂ ಹಿಡಿಯುವ ಪ್ರತಿಕಾಯದ ಗೆರೆ ಪ್ರತಿ ಸಲವೂ ಚೆನ್ನಾಗಿ ಬರುತ್ತಿತ್ತು. ಬಿಲ್ಲೆಯ ಗೆರೆ ಮಾತ್ರ ಒಂದು ಸಲ ಇರುತ್ತಿತ್ತು, ಇನ್ನೊಂದು ಸಲ ಮಾಯ. ಇವತ್ತು ಮೊದಲ ವಾರದ ನರಕೋಶದಲ್ಲಿ ಬಿಲ್ಲೆ ತುಂಬ ಇದೆ ಅಂತ ಬರೆದರೆ, ಮುಂದಿನ ಸಲ ಅದೇ ವಾರದ್ದರಲ್ಲಿ ಏನೂ ಇಲ್ಲ. ನನಗೆ ಹಾಲಿನ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ. ಇನ್ನೊಂದು ಗೆರೆ ಇಷ್ಟು ಶುಭ್ರವಾಗಿ ಬರುವಾಗ ಹಾಲಿನದು ಹೇಗೆ ತಪ್ಪಾಗುತ್ತದೆ?

ಈ ಬಿಲ್ಲೆಯ ಕೆಲಸದಲ್ಲಿ ಕೈ ಚುರುಕಾಗಿರಬೇಕು. ನರಕೋಶ ಅರೆದ ತಕ್ಷಣ ಅದರೊಳಗಿನ ಫಾಸ್ಫಟೇಸುಗಳು ಬಿಲ್ಲೆ ಕೀಳಲು ಶುರುಮಾಡುತ್ತವೆ. ಅದಕ್ಕೇ ಎಲ್ಲವನ್ನೂ ಐಸಿನಲ್ಲಿಟ್ಟು, ಅವನ್ನು ತಡೆಯುವ ಔಷಧಿ ಹಾಕಿ, ಚಕಚಕನೆ ಮುಗಿಸಬೇಕು. ಹಾಗಾಗಿ ಗೆರೆ ಇಲ್ಲವೆಂದರೆ ಎಲ್ಲರ ಬಾಯಲ್ಲೂ ಒಂದೇ ತೀರ್ಪು: ಕೈ ನಿಧಾನ. ಅವಳೂ ಅದನ್ನೇ ನಂಬಿದಳು. ಮೊಬೈಲಿನಲ್ಲಿ ಸೆಕೆಂಡು ಎಣಿಸಿಕೊಂಡು ಬರೀ ನೀರಲ್ಲಿ ಅಭ್ಯಾಸ ಮಾಡಿದಳು. ಅಪ್ಪನ ಸ್ವೆಟರ್ ಹಾಕಿಕೊಂಡು ಶೀತಲ ಕೋಣೆಯೊಳಗೇ ನಿಂತು ಅರೆದಳು. ಐಸಿನಿಂದ ಕೈ ತೆಗೆಯದೆ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಅವಳ ಚುರುಕು ಬಾಯಿ ದಿನದಿನಕ್ಕೆ ಕಡಿಮೆಯಾಯಿತು. ಒಂದು ಮಧ್ಯಾಹ್ನ ಖಾಲಿ ಪೊರೆಯನ್ನು ನೋಡುತ್ತ ಕೂತಿದ್ದವಳಿಗೆ ನಾನು, ಮೂವತ್ತು ವರ್ಷದ ಅನುಭವಸ್ಥ, ದೊಡ್ಡ ಮನುಷ್ಯನ ಹಾಗೆ ಹೇಳಿದೆ:

‘ಬೇಜಾರ್ ಮಾಡ್ಕೋಬೇಡ ಕಣವ್ವ. ಕೆಲವ್ರ ಕೈ ಈ ಕೆಲ್ಸಕ್ಕೆ ಬರಲ್ಲ. ನಿಂದು ಓದೋ ತಲೆ, ಕೈ ಅಲ್ಲ.’

ಅವಳು ತನ್ನ ಕೈಗಳನ್ನು ಒಂದು ಸಲ ನೋಡಿಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಹೀಗೆ ಎಂಟು ತಿಂಗಳು. ಅಷ್ಟು ಹೊತ್ತಿಗೆ ಅವಳ ಮೂರು ವರ್ಷದ ಫೆಲೋಶಿಪ್ಪು ಮುಗಿಯಲು ಒಂದು ವರ್ಷ ಉಳಿದಿತ್ತು. ಮೇಡಂ ಅವಳನ್ನು ಕೂರಿಸಿಕೊಂಡು, ವಿಷಯ ಬದಲಿಸುವುದನ್ನು ಯೋಚನೆ ಮಾಡು, ಇನ್ನು ಸ್ವಲ್ಪ ತಡವಾದರೆ ಅದಕ್ಕೂ ಸಮಯ ಇರುವುದಿಲ್ಲ ಅಂದರಂತೆ. ಇದನ್ನು ಅವಳು ನನಗೆ ಹೇಳಿದ್ದು ಪಿಪೆಟ್ಟು ಜೋಡಿಸುತ್ತ, ತಲೆ ಎತ್ತದೆ. ಊರಿಗೆ ಹೋಗಿ ನರಸೀಪುರದಲ್ಲಿ ಯಾವುದಾದರೂ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿರುತ್ತೇನೆ, ಅಪ್ಪನಿಗೆ ಹೇಗೆ ಹೇಳುವುದು ಅಂತ ಗೊತ್ತಾಗುತ್ತಿಲ್ಲ ಅಂದಳು.

ಅದೇ ವಾರ ಮೇಡಂ ಹೊಸದಾಗಿ ಸೇರಿದವರಿಗೆ ಫಾಸ್ಫೇಟಿನ ಬಗ್ಗೆ ಒಂದು ಪಾಠ ಇಟ್ಟುಕೊಂಡಿದ್ದರು. ನಾನು ಹಿಂದಿನ ಸಾಲಿನಲ್ಲಿ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದೆ. ಬಿಲ್ಲೆ ಕೀಳುವ ಕಿಣ್ವಗಳು ಎಲ್ಲೆಲ್ಲಿವೆ ಅಂತ ಹೇಳುತ್ತ ಮೇಡಂ ಮೂಳೆ, ಲಿವರು, ಕರುಳು ಎಂದೆಲ್ಲ ಪಟ್ಟಿ ಮಾಡಿದರು. ಆಮೇಲೆ, ಹಸಿ ಹಾಲಿನಲ್ಲೂ ಇದೆ ಅಂದರು. ಹಾಲನ್ನು ಸರಿಯಾಗಿ ಕಾಯಿಸಿದರೆ ಆ ಕಿಣ್ವ ಸಾಯುತ್ತದೆ, ಅದಕ್ಕೇ ಡೇರಿಗಳಲ್ಲಿ ಹಾಲು ಸರಿಯಾಗಿ ಕಾದಿದೆಯೋ ಇಲ್ಲವೋ ಅಂತ ತಿಳಿಯಲು ಅದೊಂದನ್ನು ಪರೀಕ್ಷೆ ಮಾಡುತ್ತಾರೆ ಅಂದರು. ಮಕ್ಕಳು ಬರೆದುಕೊಂಡರು. ನಾನು ಒಂದೇ ಟ್ಯೂಬಿಗೆ ನಾಲ್ಕು ಚೀಟಿ ಅಂಟಿಸಿದೆ.

ಪಾಠ ಮುಗಿದ ಮೇಲೆ ಯಶೋಧರೆಯ ಲ್ಯಾಬ್ ಪುಸ್ತಕ ತೆಗೆದು ನೋಡಿದೆ. ಅವಳದು ಅಚ್ಚುಕಟ್ಟು. ಪ್ರತಿ ಪ್ರಯೋಗಕ್ಕೂ ದಿನಾಂಕ, ಶುರುಮಾಡಿದ ಹೊತ್ತು, ಎಲ್ಲ ಇತ್ತು. ಬೆಳಿಗ್ಗೆ ತಡವಾಗಿ ಶುರುಮಾಡಿದ ದಿನಗಳು ಪುಟ್ಟತಾಯಮ್ಮ ಹಾಲು ಕಾಯಿಸಿಕೊಟ್ಟ ದಿನಗಳು, ಆ ದಿನಗಳಲ್ಲಿ ಗೆರೆ ಇತ್ತು. ಬೇಗ ಶುರುಮಾಡಿದ ದಿನಗಳು ನನ್ನ ಹಸಿ ಹಾಲಿನ ದಿನಗಳು. ಒಂದರಲ್ಲೂ ಗೆರೆ ಇರಲಿಲ್ಲ. ಬ್ಲಾಕಿಂಗ್ ಒಂದು ಗಂಟೆ ಸಾಕು ಅಂದರೂ ನಾನು ಧಾರಾಳವಾಗಿ ಮೂರು ಗಂಟೆ ಮುಳುಗಿಸಿಡುತ್ತಿದ್ದೆ. ಅವಳು ಬೆರಳು ಮರಗಟ್ಟಿಸಿಕೊಂಡು ಉಳಿಸಿ ತಂದ ಬಿಲ್ಲೆಗಳನ್ನು ಕಳಲೆಯ ಹಾಲು ಪೊರೆಯ ಮೇಲೇ ಕೂತು ಒಂದೊಂದಾಗಿ ಕಿತ್ತಿತ್ತು.

ಇಲ್ಲಿಯ ತನಕ ನೀವು ನಕ್ಕಿದ್ದರೆ ತೊಂದರೆಯಿಲ್ಲ, ನಾನೂ ನಗುತ್ತಲೇ ಬರೆದೆ. ಮುಂದಿನದು ನಗುವಂಥದ್ದಲ್ಲ. ಗೊತ್ತಾದ ಮೇಲೂ ನಾನು ಮೂರು ದಿನ ಸುಮ್ಮನಿದ್ದೆ. ನಿವೃತ್ತಿಗೆ ಇನ್ನು ಸ್ವಲ್ಪವೇ ಉಳಿದಿತ್ತು. ವಿಚಾರಣೆ ಇಟ್ಟರೆ ಏನು ಗತಿ, ಇಷ್ಟು ವರ್ಷದ ಹೆಸರು ಏನಾದೀತು ಅಂತ ಹೆದರಿದೆ. ನಾಳೆಯಿಂದ ಸದ್ದಿಲ್ಲದೆ ಆಲ್ಬುಮಿನ್ ಹಾಕಿಬಿಟ್ಟರೆ ಗೆರೆ ತಾನಾಗಿ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಅಂತಲೂ ಲೆಕ್ಕ ಹಾಕಿದೆ. ಹಾಕಿಯೂ ಹಾಕಿದೆ. ಆದರೆ ಅವಳು ಆಗಲೇ ಪ್ರಯೋಗ ನಿಲ್ಲಿಸಿದ್ದಳು. ಮೂರನೇ ದಿನ ನೋಡಿದರೆ ತನ್ನ ಮಾದರಿಗಳ ಪೆಟ್ಟಿಗೆಗಳನ್ನು ಫ್ರೀಜರಿನಿಂದ ತೆಗೆದು, ಅದರ ಮೇಲಿದ್ದ ತನ್ನ ಹೆಸರನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಜೂನಿಯರ್ ಒಬ್ಬಳ ಹೆಸರು ಬರೆಯುತ್ತಿದ್ದಳು.

ಅವಳ ಕೈಯಿಂದ ಪೆನ್ನು ಕಿತ್ತುಕೊಂಡು, ಬಾ ಅಂತ ಮೇಡಂ ಕೋಣೆಗೆ ಕರೆದುಕೊಂಡು ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಹಾಲು, ಸುತ್ತಿದ ಹಾಳೆ, ಸಿಂಕಿಗೆ ಸುರಿದ ಪುಡಿ, ಸೆಂಟ್ರಿಫ್ಯೂಜು, ರೈಲು, ಎಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎಷ್ಟು ದಿನದಿಂದ ಅಂದರು. ಮೊದಲ ದಿನದಿಂದ ಅಂದೆ. ಅವರು ಮತ್ತೆ ನನ್ನ ಕಡೆ ನೋಡಲಿಲ್ಲ. ಮೂವತ್ತು ವರ್ಷದಲ್ಲಿ ಯಾವ ಬೈಗುಳವೂ ನನಗೆ ಅಷ್ಟು ತಾಗಿರಲಿಲ್ಲ. ಯಶೋಧರೆಯ ಕಡೆ ತಿರುಗಿ, ನೀನು ಏನು ಹೇಳ್ತೀಯ ಅಂತ ಕೇಳಿದರು.

ಅವಳು ಹೇಳಿದಳು: ‘ಆ ಹಾಲು ಬೇಕು ಮೇಡಂ. ಹಸೀದೇ ಬೇಕು.’

ಮೇಡಂಗೆ ತಕ್ಷಣ ಅರ್ಥವಾಯಿತು, ನನಗೆ ಆಗಲಿಲ್ಲ. ನಮ್ಮ ಗೆರೆ ನಿಜವಾಗಿ ಬಿಲ್ಲೆಯದ್ದೇ, ಬೇರೇನೋ ಅಲ್ಲ ಅಂತ ತೋರಿಸಬೇಕಾದರೆ, ಬೇಕೆಂದೇ ಫಾಸ್ಫಟೇಸ್ ಹಾಕಿ ಬಿಲ್ಲೆ ಕಿತ್ತು, ಗೆರೆ ಹೋಯಿತು ಅಂತ ತೋರಿಸುವ ಪದ್ಧತಿ ಇದೆ. ಅದಕ್ಕೆ ಶುದ್ಧ ಕಿಣ್ವವನ್ನೇ ತರಿಸುತ್ತಾರೆ, ಇವಳೂ ಆಮೇಲೆ ತರಿಸಿ ಮಾಡಿದಳು. ಆದರೆ ಅದಕ್ಕೂ ಮೊದಲು, ಈ ಎಂಟು ತಿಂಗಳು ಆದದ್ದೇನು ಅಂತ ಅವಳಿಗೆ ತನ್ನ ಕಣ್ಣಿಂದಲೇ ನೋಡಬೇಕಿತ್ತು. ನಾಳೆ ತರುತ್ತೇನೆ ಅಂದೆ. ಬೇಡ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದಳು. ನನ್ನ ಕೈಯ ಡಬ್ಬಿಯನ್ನು ಅವಳು ಇನ್ನು ನಂಬುವ ಹಾಗಿರಲಿಲ್ಲ.

ಎರಡು ದಿನ ಬಿಟ್ಟು ತನ್ನ ಊರಿನಿಂದ ಮೊದಲ ಬಸ್ಸು ಹತ್ತಿ, ನಂಜನಗೂಡಿನಲ್ಲಿ ಇಳಿದು, ಆಟೋ ಮಾಡಿಕೊಂಡು ಕಳಲೆಗೆ ಬಂದಳು. ಬ್ಯಾಗಿನಲ್ಲಿ ಐಸಿನ ಡಬ್ಬಿ ಇತ್ತು. ಪುಟ್ಟತಾಯಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಲ್ಯಾಬಿನ ಹುಡುಗಿ ಹಸು ನೋಡಲು ಬಂದಿದ್ದಾಳೆ ಅಂದುಕೊಂಡು ಖುಷಿಯಿಂದ ಕೂರಿಸಿ ಇಡ್ಲಿ ಕೊಟ್ಟಳು. ಹಾಲು ಕರೆಯುವಾಗ ಯಶೋಧರೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಕರೆದ ಹಾಲನ್ನು ತಾನು ತಂದಿದ್ದ ಟ್ಯೂಬಿಗೆ ತಾನೇ ತುಂಬಿಸಿಕೊಂಡಳು. ಇನ್ನೊಂದು ಟ್ಯೂಬಿಗೆ ಉಕ್ಕುವ ತನಕ ಕಾಯಿಸಿದ್ದು ಬೇಕು ಅಂದಳು. ಎರಡು ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ಯಶೋಧರೆ ನನ್ನ ಮುಖ ನೋಡಿದಳು. ಹೇಳಬೇಕಾದವನು ನಾನೇ ಅಂತ ಬಿಟ್ಟಳು. ಹೇಳಿದೆ.

ಪುಟ್ಟತಾಯಮ್ಮ ಪಾತ್ರೆ ಕೆಳಗಿಟ್ಟು, ‘ನಮ್ಮ ಆಲು ಆಕಿ ಈ ಮಗೀನ ಓದು ಕೆಡಿಸುದ್ರಾ? ಅವ್ಳ್ನ ಒಂದ್ ಮಾತೂ ಕೇಳ್ದಂಗಾ?’ ಅಂದಳು. ಆಮೇಲೆ ನನ್ನ ಜೊತೆ ಮಾತಾಡಲು ಅವಳಿಗೆ ಒಂದು ವಾರ ಹಿಡಿಯಿತು.

ಆ ದಿನ ನಾನು ಯಾವುದನ್ನೂ ಮುಟ್ಟಲಿಲ್ಲ. ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕೂತು ನೋಡಿದೆ, ಅಷ್ಟೇ. ಮೊದಲ ವಾರದ ಒಂದೇ ಮಾದರಿಯನ್ನು ಮೂರು ಪೊರೆಗೆ ಇಳಿಸಿದಳು. ಒಂದನ್ನು ಹಸಿ ಹಾಲಿನಲ್ಲಿ, ಒಂದನ್ನು ಕಾಯಿಸಿದ ಹಾಲಿನಲ್ಲಿ, ಒಂದನ್ನು ಆಲ್ಬುಮಿನ್ನಿನಲ್ಲಿ ಮೂರು ಗಂಟೆ ಮುಳುಗಿಸಿದಳು. ಡಬ್ಬಿಗಳ ಮೇಲೆ ಕನ್ನಡದಲ್ಲೇ ‘ಕಳಲೆ ಹಸಿ’, ‘ಕಳಲೆ ಕಾದದ್ದು’, ‘ಸರಿಯಾದದ್ದು’ ಅಂತ ಬರೆದಳು. ಕೊನೆಗೆ ಮೂರನ್ನೂ ಕ್ಯಾಮೆರಾ ಪೆಟ್ಟಿಗೆಯೊಳಗೆ ಇಟ್ಟು ಬಟನ್ ಒತ್ತಿದಳು. ಮೇಡಂ ಬಂದು ಅವಳ ಹಿಂದೆ ನಿಂತಿದ್ದರು.

ಆಲ್ಬುಮಿನ್ನಿನ ಪೊರೆಯಲ್ಲಿ ಬಿಲ್ಲೆಯ ಗೆರೆ ದಪ್ಪಗೆ, ಚೊಕ್ಕವಾಗಿ ಮೂಡಿತು. ಕಾಯಿಸಿದ ಹಾಲಿನದರಲ್ಲಿ ಸುತ್ತಲೂ ಸ್ವಲ್ಪ ಮಬ್ಬಿದ್ದರೂ ಗೆರೆ ಇತ್ತು. ಹಸಿ ಹಾಲಿನದರಲ್ಲಿ ಏನೂ ಇರಲಿಲ್ಲ.

ಮೇಡಂ ಅವಳ ಹೆಗಲು ತಟ್ಟಿ, ಹೆಸರು ಒರೆಸಿದ ಪೆಟ್ಟಿಗೆಗಳ ಮೇಲೆ ಮತ್ತೆ ಬರೆದುಕೋ ಅಂತ ಹೇಳಿ ಹೊರಟರು. ಯಶೋಧರೆ ಆಲ್ಬುಮಿನ್ನಿನ ಪೊರೆಯನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿದಳು. ಬರಿಗಣ್ಣಿಗೆ ಅದರಲ್ಲಿ ಏನೂ ಕಾಣುವುದಿಲ್ಲ, ಅದು ಅವಳಿಗೂ ಗೊತ್ತು. ಎಂಟು ತಿಂಗಳಲ್ಲಿ ನಮ್ಮ ಮುಂದೆ ಒಂದು ದಿನವೂ ಕಣ್ಣೀರು ಹಾಕದವಳು ಆವಾಗ ಅತ್ತಳು.

‘ನನ್ ಕೈ ಸರ್ಯಾಗೇ ಇತ್ತು’ ಅಂದಳು. ನನಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು.

ಮೇಡಂ ಎದುರು ಎಲ್ಲ ಒಪ್ಪಿಕೊಂಡಿದ್ದೆನಲ್ಲ, ಅದರಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಅವಳಿಗೆ ಹೇಳಬೇಕಾದ ಮಾತು. ಎದ್ದು ಹತ್ತಿರ ಹೋಗಿ, ‘ತಪ್ಪಾಯ್ತು ಕಣವ್ವ. ನಿನ್ ಕೈಗೆ ನಾನು ಅಂಗನ್ಬಾರ್ದಿತ್ತು’ ಅಂದೆ.

ಅವಳು ಏಪ್ರನ್ನಿನ ತೋಳಿನಿಂದ ಮುಖ ಒರೆಸಿಕೊಂಡಳು. ‘ಆಯ್ತು ಬುಡಿ ಮಾದೇವಣ್ಣ’ ಅಂದಳು. ಆಮೇಲೆ ಕಪಾಟಿನಿಂದ ಆಲ್ಬುಮಿನ್ ಡಬ್ಬಿ ತೆಗೆದು ತನ್ನ ಡ್ರಾಯರಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಳು. ನಾನು ನಿವೃತ್ತನಾಗುವ ದಿನದ ತನಕ ಆ ಕೀಲಿ ಅಲ್ಲೇ ಇತ್ತು.